ಶರತ್ಕಾಲದ ನಡಿಗೆ

ಮದಲಿಂಗನ ಕಥೆಯನ್ನು ಕೇಳದವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಿರಳ. ಮದಲಿಂಗನ ಕಣಿವೆಯಲ್ಲಿ ನಡೆದು ನೋಡಿದ ವಿದ್ಯಾರ್ಥಿಗಳೂ ಅಷ್ಟೇ ವಿರಳ! ಪ್ರವಾಸವೆಂದೊಡನೆ ನಾವು ದೂರದೂರಿಗೆ ಬಸ್ಸು ಹತ್ತುತ್ತೇವೆ. ಇದು ಉಚಿತವೆಂದು ನನಗೆ ತೋರದು.

ಮಳೆ ಹಿಂದೆಗೆದು ಆಶ್ವಯುಜದ ಬಿಸಿಲು ತಿಳಿಯಾದಾಗ ಹತ್ತಾರು ಗೆಳೆಯರು ಕೂಡಿ, ಉಪಾಧ್ಯಾಯರೊಡನೆ, ನಮ್ಮ ಗುಡ್ಡಗಳನ್ನೇ ಹತ್ತಬೇಕು. ಮೇಲೆ ಹುಲ್ಲು, ಕುರುಚಲು ಕಾಡು. ತಗ್ಗಿನಲ್ಲಿ ಕೆರೆ, ಅದರಾಚೆ ತೆಂಗಿನ ತೋಟ. ಗುಡ್ಡದ ಮೇಲೆ ಬಿದ್ದ ಮಳೆಯೇ ಹಳ್ಳವಾಗಿ ಹರಿದು, ಕೆರೆಯಲ್ಲಿ ನಿಂತು ಇಂಗಿ, ತೋಟದ ಬಾವಿಗೆ ಒಸರುವ ಬಗೆ ಅಲ್ಲಿ ನಿಂತಾಗ ತಾನಾಗಿ ತಿಳಿಯುತ್ತದೆ.

ಚಿಕ್ಕನಾಯಕನಹಳ್ಳಿಯ ಇಂತಹ ಗುಡ್ಡಗಳನ್ನೇ ಕಬ್ಬಿಣದ ಅದಿರಿಗಾಗಿ ಅಗೆದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತುಮಕೂರು ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಯಬೇಕಾಯಿತು. ತಮ್ಮ ಬಾವಿಯ ನೀರಿನ ಮೂಲವನ್ನು ನಡೆದು ಕಂಡವರು ಗುಡ್ಡದ ಮೇಲೆ ಯಂತ್ರವೇರಿದಾಗ ಸುಮ್ಮನಿರಲಾರರು.

ನಡಿಗೆಗೆ ಬೇಕಾದುದಾದರೂ ಏನು? ನೀರು, ಬುತ್ತಿ, ಜೇಬಿನಲ್ಲಿಷ್ಟು ಕೊಬ್ಬರಿ, ಬೆಲ್ಲ.