ಸರ್ವೆ ನಂಬರ್ ಇಲ್ಲದ ಜಮೀನು

ಎರಡು ವರ್ಷದ ಹಿಂದೆ ಅನುವಾದ ಏಜೆನ್ಸಿಯೊಂದರಿಂದ ಮುನ್ನೂರು ಪದಗಳ ಸಣ್ಣ ಕೆಲಸ ಬಂದಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ, ಸಂಜೆಯೊಳಗೆ ಬೇಕು. ಇಂಥ ಕೆಲಸಗಳಲ್ಲಿ ಮೂಲ ಗ್ರಾಹಕರು ಯಾರೆಂದು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸರ್ಕಾರಿ ಯೋಜನೆಯಡಿ ಬಡವರಿಗೆ ಉಚಿತ ಜಮೀನು, ಕೂಡಲೇ ಹೆಸರು ನೋಂದಾಯಿಸಿ ಎಂಬ ಒಕ್ಕಣೆ. ನಡುವೆ ಒಂದು ಕಡೆ ‘ನಿಮ್ಮ ಪ್ಲಾಟ್ ಕ್ಲೇಮ್ ಮಾಡಿ’ ಎಂಬರ್ಥದ ಸಾಲಿತ್ತು. ಆ ಕ್ಲೇಮ್ ಎಂಬುದಕ್ಕೆ ಒಗ್ಗುವ ಮಾತು ಸಿಗದೆ ಹತ್ತು ನಿಮಿಷ ಒದ್ದಾಡಿ, ಕೊನೆಗೆ ‘ನಿಮ್ಮ ಪಾಲಿನ ನೆಲ ನಿಮಗೆ’ ಎಂದು ಬರೆದೆ. ಬರೆದು ಖುಷಿಯನ್ನೂ ಪಟ್ಟೆ. ದುಡ್ಡು ಬಂತು, ಮರೆತೆ.

ಕಳೆದ ತಿಂಗಳು ಆ ಸಾಲು ಪುಣೆಯ ನಮ್ಮ ಬೀದಿಯಲ್ಲೇ ಎದುರಾಯಿತು. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಯಾದಗಿರಿ ಕಡೆಯ ನಾಲ್ಕೈದು ಕುಟುಂಬಗಳು ಕೆಲಸ ಮಾಡುತ್ತವೆ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡ ಒಬ್ಬ ಹೆಂಗಸು ಆಗಾಗ ನಿಲ್ಲಿಸಿ ಮಾತಾಡಿಸುತ್ತಾರೆ. ಅವತ್ತು ಫೋನ್ ಮುಂದೆ ಹಿಡಿದು, “ಅಕ್ಕಾರ, ಇದು ಖರೇ ಏನ್ರಿ?” ಎಂದರು. ಮೇಲೆ ವಿಧಾನಸೌಧದ ಚಿತ್ರ, ಕೆಳಗೆ ನನ್ನ ಕನ್ನಡ. ನೋಂದಣಿಗೆಂದು 1,500 ರೂಪಾಯಿ ಆಗಲೇ ಹೋಗಿತ್ತು. ಈಗ ಅಳತೆ ಫೀಸು ಎಂದು ಇನ್ನೂ 4,000 ಕೇಳುತ್ತಿದ್ದರು.

ಇಂಥ ಸುದ್ದಿ ಓದಿದಾಗ ‘ಜನಕ್ಕೆ ಎಷ್ಟು ಆಸೆ ನೋಡಿ’ ಎನ್ನುವುದು ನಮ್ಮಲ್ಲಿ ರೂಢಿ. ಅದನ್ನು ನಾನು ಒಪ್ಪುವುದಿಲ್ಲ. ಕರ್ನಾಟಕದಲ್ಲಿ ಸರ್ಕಾರದ ಕಾಗದದಿಂದ ನೆಲ ಸಿಕ್ಕ ನೆನಪು ಎಷ್ಟೋ ಮನೆಗಳಲ್ಲಿದೆ. ನಾನು ಸಾಗರ ತಾಲ್ಲೂಕಿನವಳು. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮಲ್ಲೇ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ‘ಡಿಕ್ಲರೇಷನ್ ಹಾಕಿದ್ದು’ ಎಂಬ ಮಾತು ನಮ್ಮೂರಿನ ಹಿರಿಯರ ಬಾಯಲ್ಲಿ ಈಗಲೂ ಇದೆ. ಏಳನೇ ನಂಬರಿನ ಫಾರಂ ತುಂಬಿದ ಗೇಣಿದಾರರು ಭೂಮಾಲೀಕರಾದದ್ದು ಕತೆಯಲ್ಲ, ನಡೆದದ್ದು. ಯಾದಗಿರಿಯ ಆ ಹೆಂಗಸಿಗೆ ಫಾರಂ ತುಂಬಿದರೆ ಹೊಲ ಬರುತ್ತದೆ ಎಂದು ಅನ್ನಿಸಿದ್ದರಲ್ಲಿ ದಡ್ಡತನವೇನೂ ಇಲ್ಲ.

ಆದರೆ ಆ ನೆನಪಿನಲ್ಲಿ ಅರ್ಧ ಉಳಿದು ಅರ್ಧ ಹೋಗಿದೆ. ಫಾರಂ ನೆನಪಿದೆ, ಫಾರಂ ಕೊಟ್ಟ ಮೇಲೆ ಭೂ ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದದ್ದು, ಸಾಕ್ಷಿ ಹೇಳುವವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದದ್ದು ನೆನಪಿಲ್ಲ. ಅಲ್ಲಿ ಯಾರೂ ಹೊಸ ನೆಲ ಹಂಚಲಿಲ್ಲ. ಯಾರು ಯಾವ ಗದ್ದೆ ಉಳುತ್ತಿದ್ದರೋ ಆ ಗದ್ದೆಯೇ, ಅದೇ ಸರ್ವೆ ನಂಬರೇ ಅವರ ಹೆಸರಿಗೆ ಬಂತು.

ಬಗರ್ ಹುಕುಂ ಕೂಡ ಹಾಗೆಯೇ. ಪದ ಪಾರಸಿಯದು; ಹುಕುಂ ಇಲ್ಲದೆ, ಅಪ್ಪಣೆಯಿಲ್ಲದೆ ಎಂದರ್ಥ. ಅಪ್ಪಣೆ ಇಲ್ಲದಿರುವುದನ್ನೇ ಹೆಸರಾಗಿಟ್ಟುಕೊಂಡ ಯೋಜನೆ ಜಗತ್ತಿನಲ್ಲಿ ಇನ್ನೊಂದಿದೆಯೋ ಇಲ್ಲವೋ. ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಸಾಗುವಳಿ ಮಾಡಿಕೊಂಡು ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡುವುದು ಇದರ ತಿರುಳು. 1964ರ ಭೂ ಕಂದಾಯ ಕಾಯ್ದೆಗೆ ಇದಕ್ಕೆಂದೇ ಕಲಮುಗಳನ್ನು ಸೇರಿಸಿದರು. 1991ರಲ್ಲಿ ಫಾರಂ 50, ಆ ದಶಕದ ಕೊನೆಯಲ್ಲಿ 53, 2018ರಿಂದ 57. ಅರ್ಜಿಗಳನ್ನು ನೋಡುವುದು ಶಾಸಕರ ಅಧ್ಯಕ್ಷತೆಯ ಸಮಿತಿ, ತಹಶೀಲ್ದಾರರು ಅದರ ಕಾರ್ಯದರ್ಶಿ. ಅರ್ಜಿದಾರ ಆಗಲೇ ಆ ನೆಲದಲ್ಲಿ ಉಳುತ್ತಿರಬೇಕು. ಬೆಂಗಳೂರು ಪಾಲಿಕೆಯ ಎಲ್ಲೆಯಿಂದ 18 ಕಿಲೋಮೀಟರಿನೊಳಗೆ ಸಕ್ರಮ ಮಾಡುವಂತಿಲ್ಲ. ಪುಣೆಯಲ್ಲಿ ಇಟ್ಟಿಗೆ ಹೊರುವವರಿಗೆ, ಅವರು ಕಣ್ಣಿಂದಲೂ ನೋಡಿರದ ಜಮೀನನ್ನು ಕೊಡುವ ದಾರಿ ಈ ಯಾವ ಫಾರಂನಲ್ಲೂ ಇಲ್ಲ. ಜಾಹೀರಾತಿನವರು ಮಾತ್ರ 57 ಎಂಬ ಅಂಕಿಯನ್ನು ದೊಡ್ಡದಾಗಿ ಹಾಕಿರುತ್ತಾರೆ, ಏಕೆಂದರೆ ಅದು ನಿಜವಾದ ಅಂಕಿ.

ಸರ್ಕಾರ ತಾನಾಗಿ, ತಾನೇ ಹುಕುಂ ಮಾಡಿ ನೆಲ ಕೊಟ್ಟದ್ದೂ ಇದೆ. ಅದು ಏನಾಯಿತೆಂಬುದಕ್ಕೆ ದೂರ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮನೆಮಾರು ಬಿಟ್ಟುಬಂದವರಿಗೆ ಕಾಡಿನ ಜಾಗ ತೋರಿಸಿ ಇಲ್ಲಿ ಇರಿ ಎಂದರು. ಜನ ಕಾಡು ಸವರಿ ಗದ್ದೆ ಮಾಡಿದರು, ತೋಟ ಕಟ್ಟಿದರು. ದಾಖಲೆಯಲ್ಲಿ ಮಾತ್ರ ಅದು ಅರಣ್ಯವಾಗಿಯೇ ಉಳಿಯಿತು. ಅರವತ್ತು ವರ್ಷ ಕಳೆದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರವಿಲ್ಲ. ನನ್ನ ದೊಡ್ಡಮ್ಮನ ಮನೆಯೂ ಅದರಲ್ಲೊಂದು. ಅವರ ಅಡಿಕೆ ತೋಟದ ಮೇಲೆ ಸಾಲ ಕೊಡಲು ಬ್ಯಾಂಕು ಒಪ್ಪುವುದಿಲ್ಲ. ನಾಡಿಗೆ ಬೆಳಕು ಕೊಟ್ಟವರಿಗೆ ನೆಲದ ಕಾಗದ ಕೊಡಲಾರದ ಸರ್ಕಾರ, ಫೋನಿನಲ್ಲಿ ಬಂದ ಲಿಂಕ್ ಒತ್ತಿದವರಿಗೆ ಮೂರು ವಾರದಲ್ಲಿ ಕೊಟ್ಟೀತೆ? ನನ್ನ ಅನುಮಾನದ ಬೇರು ಇರುವುದು ಇಲ್ಲಿ.

ನಾನು ಓದಿದ್ದು ಭಾಷಾವಿಜ್ಞಾನ, ಹಾಗಾಗಿ ಒಂದು ಪದದ ಮಾತು. ‘ಉಚಿತ’ ಎಂದರೆ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು. ಅನುಚಿತ, ಸಮುಚಿತ ಎನ್ನುವಾಗ ಆ ಅರ್ಥ ಈಗಲೂ ಇದೆ. ಕನ್ನಡದಲ್ಲಿ ಅದೇ ಪದಕ್ಕೆ ಪುಕ್ಕಟೆ ಎಂಬ ಅರ್ಥವೂ ಬಂದಿದೆ. ಇತ್ತ ‘ಬಿಟ್ಟಿ’ ಸಂಸ್ಕೃತದ ವಿಷ್ಟಿಯ ತದ್ಭವ. ಹಿಂದೆ ಅದು ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ‘ಬಿಟ್ಟಿ ಜಮೀನು’ ಎಂದು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ‘ಉಚಿತ ಜಮೀನು’ ಎಂದಾಗ ನನಗೆ ತಕ್ಕದ್ದು, ನನಗೆ ಸಲ್ಲಬೇಕಾದದ್ದು ಎಂಬ ದನಿಯೂ ಸೇರಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ನಾನು ‘ಪಾಲು’ ಎಂಬುದನ್ನು ಬೇರೆ ತಂದು ಕೂರಿಸಿದ್ದೆ. ಇನ್ನು ‘ನೀಡಲಾಗುವುದು’. ಈ ಕ್ರಿಯಾಪದದಲ್ಲಿ ಕೊಡುವವರು ಯಾರೆಂದೇ ಇಲ್ಲ. ಸರ್ಕಾರಿ ಆದೇಶದಲ್ಲೂ ಇದೇ ಶೈಲಿ, ಸರಿ. ಆದರೆ ಅಲ್ಲಿ ತಲೆಯ ಮೇಲೆ ಆದೇಶ ಸಂಖ್ಯೆ, ದಿನಾಂಕ, ಕೆಳಗೆ ಒಬ್ಬ ಅಧಿಕಾರಿಯ ಹುದ್ದೆ ಮತ್ತು ಸಹಿ ಇರುತ್ತವೆ. ಜಾಹೀರಾತಿನಲ್ಲಿ ಕೊಡುವವರೂ ಇಲ್ಲ, ನಂಬರೂ ಇಲ್ಲ.

ಸರ್ಕಾರಿ ಜಮೀನು ಎಂದರೆ ಯಾರದೂ ಅಲ್ಲದ ಜಮೀನು ಎಂಬ ಎಣಿಕೆಯೊಂದಿದೆ, ಜಾಹೀರಾತುಗಳು ನಿಂತಿರುವುದೇ ಅದರ ಮೇಲೆ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು: ಗೋಮಾಳ, ಗುಂಡುತೋಪು, ಕೆರೆಯಂಗಳ, ಸ್ಮಶಾನ, ಬಂಡಿದಾರಿ ಎಲ್ಲವೂ ಸರ್ಕಾರಿಯೇ. ನೂರು ದನಕ್ಕೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು ನಿಯಮವೇ ಇದೆ. ಊರಿನ ಇಂಥ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿಸಿ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಪುಕ್ಕಟೆ ಕೊಡಲು ಖಾಲಿ ಬಿದ್ದಿರುವ ನೆಲವೆಂದು ನಮಗೆ ಕಾಣುವಲ್ಲಿ ಯಾರದೋ ದನ ಮೇಯುತ್ತಿರುತ್ತದೆ.

ನಮ್ಮಂಥ ಹೊರನಾಡಿನ ಸಂಬಳದಾರರಿಗೆ ಬರುವ ಆವೃತ್ತಿ ಬೇರೆ. ‘ಗ್ರ್ಯಾಂಟ್ ಜಮೀನು, ಅರ್ಧ ಬೆಲೆ, ನಿವೃತ್ತಿಯ ಹೊತ್ತಿಗೆ ಊರಲ್ಲೊಂದು ತೋಟ.’ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಮಾರಿದರೂ ಊರ್ಜಿತವಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಜಮೀನು ವಾಪಸ್ ಕೇಳಲು ಕಾಲದ ಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಇದು ಅನ್ಯಾಯವೆಂದು ಗೊಣಗುವ ಗೆಳೆಯರು ನನಗಿದ್ದಾರೆ. ಅರ್ಧ ಬೆಲೆ ಯಾಕೆಂದು ಕೊಳ್ಳುವಾಗ ಕೇಳಿಕೊಳ್ಳದವರ ಮೇಲೆ ನನಗೆ ಅಷ್ಟೇನೂ ಮರುಕವಿಲ್ಲ.

ಇಷ್ಟು ಅನುಮಾನ ಬಿತ್ತಿದರೆ ನಿಜವಾದ ಅರ್ಹರೂ ಅರ್ಜಿ ಹಾಕದೆ ಉಳಿದಾರು ಎಂದು ಒಬ್ಬ ಗೆಳತಿ ಆಕ್ಷೇಪಿಸಿದಳು. ಮಾತು ಸರಿ. ಅದಕ್ಕೇ ನಾನು ಈಗ ಯಾರಿಗೂ ‘ನಂಬಬೇಡಿ’ ಎನ್ನುವುದಿಲ್ಲ, ‘ಸರ್ವೆ ನಂಬರ್ ಕೇಳಿ’ ಎನ್ನುತ್ತೇನೆ. ಯಾವ ಜಿಲ್ಲೆ, ಯಾವ ಊರು, ಎಷ್ಟನೇ ಸರ್ವೆ ನಂಬರು. ಕೊಟ್ಟರೆ ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಬಹುದು, ದಿಶಾಂಕ್ ಆ್ಯಪಿನಲ್ಲಿ ಜಾಗ ಎಲ್ಲಿದೆಯೆಂದು ನೋಡಬಹುದು, ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಬಹುದು.

ಆ ಹೆಂಗಸಿಗೂ ಹಾಗೇ ಹೇಳಿದೆ. ಈ ಸಾಲು ಬರೆದವಳು ನಾನೇ ಎಂದೂ ಹೇಳಿದೆ. ಹೇಳದೆ ಬರಲು ಆಗಲಿಲ್ಲ. ಅವರು ಫೋನನ್ನು ಸ್ವಲ್ಪ ಹೊತ್ತು ನೋಡಿ, “ಚಂದ ಬರದೀರಿ ಬಿಡ್ರಿ” ಎಂದರು. ಬೈದದ್ದೋ ಅಲ್ಲವೋ ತಿಳಿಯಲಿಲ್ಲ. 4,000 ಕಟ್ಟಲಿಲ್ಲ. ಸರ್ವೆ ನಂಬರ್ ಕೇಳುವ ಮೆಸೇಜನ್ನು ಅವರ ಫೋನಿನಿಂದ ನಾನೇ ಟೈಪ್ ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಆಮೇಲೆ ಆ ನಂಬರಿನಿಂದ ಏನೂ ಬಂದಿಲ್ಲ.