ಅಜ್ಜನಿಗೆ ಊಟ ಸೇರದಿದ್ದರೆ

"ಸರ್, ಅಜ್ಜನಿಗೆ ನಾಲ್ಕು ದಿನದಿಂದ ಗಂಜಿಯೂ ಸೇರುವುದಿಲ್ಲ. ವಾಕರಿಕೆ ಬರ್ತದೆ. ಅಮ್ಮ ಜೀರಿಗೆ ಕಷಾಯ ಕೊಡ್ತಿದ್ದಾರೆ. ಅಜೀರ್ಣ ಅಲ್ವಾ?"

ಕೂಳೂರಿನ ಹೊಳೆಬದಿಯಿಂದ ಶಾಲೆಗೆ ಬರುತ್ತಿದ್ದ ಹುಡುಗಿ ಕೇಳಿದ ಪ್ರಶ್ನೆ ಇದು. ಅಜ್ಜ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದೆ. ಅಂಗಡಿಯಿಂದ ತರುವವಳು ಅವಳೇ ಆದ್ದರಿಂದ ಹೆಸರು ಗೊತ್ತಿತ್ತು: ದುರ್ಬಲ ಹೃದಯಕ್ಕೆ ಡಿಗಾಕ್ಸಿನ್. "ಇವತ್ತೇ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ" ಎಂದೆ.

ಡಿಗಾಕ್ಸಿನ್ ಫಾಕ್ಸ್‌ಗ್ಲೋವ್ ಜಾತಿಯ ಗಿಡದಿಂದ ಬಂದ ಔಷಧ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಮೈ ಬಾತ ರೋಗಿಗಳಿಗೆ ಈ ಗಿಡದ ಎಲೆ ಕೊಟ್ಟು ಕಂಡದ್ದನ್ನೆಲ್ಲ 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹೊಟ್ಟೆ ಕೆಟ್ಟರೆ ಔಷಧ ನಿಲ್ಲಿಸಬೇಕೆಂದು ಅಂದೇ ಎಚ್ಚರಿಸಿದ್ದ. ನಮ್ಮ ಅಂಗಳದ ಕಣಗಿಲೆಯ ವಿಷವೂ ಇದೇ ಬಳಗದ್ದು.

ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ 'ಪಂಪು'ಗಳಿವೆ. ಡಿಗಾಕ್ಸಿನ್ ಇವನ್ನು ತುಸು ತಡೆಯುತ್ತದೆ. ಒಳಗೆ ಸೋಡಿಯಂ ಹೆಚ್ಚಿದರೆ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗುತ್ತದೆ. ಹಾಗೆ ಉಳಿದ ಕ್ಯಾಲ್ಸಿಯಂನಿಂದ ಹೃದಯದ ಸ್ನಾಯು ಬಲವಾಗಿ ಮಿಡಿಯುತ್ತದೆ.

ಆದರೆ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮಿತಿ ಮೀರಿದರೆ ಮೆದುಳಿನ ವಾಂತಿ ಕೇಂದ್ರ ಕೆರಳುತ್ತದೆ. ಹಸಿವಿಲ್ಲದಿರುವುದು, ವಾಕರಿಕೆ, ಭೇದಿ, ಕೆಲವೊಮ್ಮೆ ಎಲ್ಲ ಹಳದಿಯಾಗಿ ಕಾಣುವುದು ಅದರ ಸೂಚನೆಗಳು. ಮುಂದೆ ಹೃದಯದ ಬಡಿತವೇ ತಾಳ ತಪ್ಪಬಹುದು.

ವಯಸ್ಸಾದವರಿಗೆ ಅಪಾಯ ಹೆಚ್ಚು. ಔಷಧವನ್ನು ಹೊರಹಾಕುವ ಮೂತ್ರಪಿಂಡಗಳು ಅವರಲ್ಲಿ ನಿಧಾನವಾಗಿರುತ್ತವೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಪೊಟ್ಯಾಸಿಯಂ ಸೋರಿ ಹೋಗುತ್ತದೆ. ಪೊಟ್ಯಾಸಿಯಂ ಕಡಿಮೆಯಾದಷ್ಟೂ ಡಿಗಾಕ್ಸಿನ್ ಪಂಪಿಗೆ ಗಟ್ಟಿಯಾಗಿ ಅಂಟುತ್ತದೆ. ವಾಂತಿ ಭೇದಿಯಾದರೆ ಪೊಟ್ಯಾಸಿಯಂ ಇನ್ನಷ್ಟು ನಷ್ಟ.

1997ರಲ್ಲಿ ಪ್ರಕಟವಾದ, ಸುಮಾರು 6,800 ರೋಗಿಗಳ ಅಧ್ಯಯನದಲ್ಲಿ ಡಿಗಾಕ್ಸಿನ್ ಸಾವನ್ನು ಕಡಿಮೆ ಮಾಡಲಿಲ್ಲ. ಆಸ್ಪತ್ರೆಗೆ ಸೇರುವುದನ್ನು ಮಾತ್ರ ಕಡಿಮೆ ಮಾಡಿತು. ಅದೇ ಅಂಕಿಅಂಶಗಳನ್ನು 2003ರಲ್ಲಿ ಮತ್ತೆ ಪರಿಶೀಲಿಸಿದಾಗ, ರಕ್ತದಲ್ಲಿ ಔಷಧದ ಮಟ್ಟ ಹೆಚ್ಚಿದ್ದ ಪುರುಷರಲ್ಲಿ ಸಾವು ಹೆಚ್ಚೆಂದು ಕಂಡಿತು. ಇಂದು ವೈದ್ಯರು ಕಡಿಮೆ ಪ್ರಮಾಣಕ್ಕೇ ಒಲವು ತೋರುತ್ತಾರೆ.

ಹೆತ್ತವರೇ, ಈ ಮಾತ್ರೆ ನುಂಗುವ ಹಿರಿಯರು ಊಟ ಬೇಡವೆಂದರೆ ಕಷಾಯ ಕೊಟ್ಟು ಕಾಯಬೇಡಿ. ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರನ್ನು ವಿಚಾರಿಸಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಮಕ್ಕಳೇ, ಮನೆಯ ಹಿರಿಯರ ಮಾತ್ರೆಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಆ ಅಜ್ಜನ ರಕ್ತಪರೀಕ್ಷೆಯಾಯಿತು, ಪ್ರಮಾಣ ಇಳಿಯಿತು. ವಾರ ಕಳೆದ ಮೇಲೆ ಗಂಜಿಗೆ ಉಪ್ಪಿನಕಾಯಿ ಕೇಳಿ ಮೊಮ್ಮಗಳಿಂದ ಬೈಸಿಕೊಂಡರಂತೆ!