ಕಷ್ಟ ಬಂದಾಗ ಗೊತ್ತಾಗುತ್ತೆ

ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ, ಪಂಚಾಂಗವು ರಾಹುಕಾಲವೆಂದು ಗುರುತಿಸಿ ಶುಭಕಾರ್ಯಗಳಿಗೆ ವರ್ಜ್ಯವೆಂದು ಸಾರಿದ ಆ ಅವಧಿಯಲ್ಲಿಯೇ, ಕನಕಪುರ ರಸ್ತೆಯ ಬನಶಂಕರಿ ದೇಗುಲದಲ್ಲಿ ಹೆಂಗಳೆಯರು ನಿಂಬೆಹಣ್ಣನ್ನು ಇಬ್ಭಾಗಿಸಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗಾಗಿ ಮಗುಚಿ, ಅದರಲ್ಲಿ ಎಣ್ಣೆಬತ್ತಿಯಿಟ್ಟು ದೀಪ ಬೆಳಗುತ್ತಾರೆ. ದೇವರನ್ನು ನಂಬದ ನಾನು ಅದನ್ನು ಕಂಡು ಮೂಗು ಮುರಿದವನಲ್ಲ. ಪಂಚಾಂಗದ ಭಯವನ್ನು ಭಕ್ತಿಯೇ ಧಿಕ್ಕರಿಸುವ ಆ ಪರಿ ನನಗೆ ಒಳಗೊಳಗೇ ಹಿತವೆನಿಸುವುದೂ ಉಂಟು.

ದಕ್ಷಿಣ ಬೆಂಗಳೂರಿನಲ್ಲಿ ನಾಸ್ತಿಕನಾಗಿ ಬಾಳುವುದು, ನನ್ನಂಥ ಸಂಬಳದ ಗಂಡಸಿಗಂತೂ, ಜನ ಊಹಿಸುವಷ್ಟು ದುಸ್ತರವಲ್ಲ. ರಾಗಿಗುಡ್ಡದ ಹನುಮಜ್ಜಯಂತಿಯ ಪ್ರಸಾದ ನೆರೆಮನೆಯಿಂದ ಬಂದರೆ ತಿನ್ನುತ್ತೇನೆ; ಗೃಹಪ್ರವೇಶಕ್ಕೆ ಕರೆದರೆ ಹೋಗಿ, ಹೋಮದ ಹೊಗೆಗೆ ಕಣ್ಣೊರೆಸಿಕೊಂಡು, ಊಟದ ಪಂಕ್ತಿಯಲ್ಲಿ ಕೂರುತ್ತೇನೆ. ಅರ್ಚನೆಗೆ ಗೋತ್ರ, ನಕ್ಷತ್ರ ಕೇಳಿದಾಗ ಮಾತ್ರ ‘ನನ್ನದು ಬೇಡ ಸ್ವಾಮಿ’ ಎನ್ನುತ್ತೇನೆ. ಪುರೋಹಿತರು ನಕ್ಕು ಪಕ್ಕದವರತ್ತ ತಿರುಗುತ್ತಾರೆ. ಗಂಡನ ಮನೆಯಲ್ಲಿ ದೀಪ ಹಚ್ಚಲೊಲ್ಲೆನೆಂಬ ಸೊಸೆಗೆ ಅಂಥ ನಗೆಯ ವಿನಾಯಿತಿ ಎಲ್ಲಿ ದೊರೆತೀತು?

ನನ್ನನ್ನು ಚುಚ್ಚುವುದು ಒಂದೇ ಮಾತು: ‘ಈಗ ಹೀಗೇ ಹೇಳ್ತೀರಿ, ಕಷ್ಟ ಬಂದಾಗ ಗೊತ್ತಾಗುತ್ತೆ.’ ಹಿತೈಷಿಗಳೇ ಆಡುವ ಮಾತಿದು. ಆದರೆ ಆಸ್ತಿಕನಿಗೆ ಬಂದ ವ್ಯಾಧಿಯನ್ನು ದೈವದ ಪರೀಕ್ಷೆಯೆಂದೂ ನಾಸ್ತಿಕನಿಗೆ ಬಂದ ಅದೇ ವ್ಯಾಧಿಯನ್ನು ದೈವದ ಉತ್ತರವೆಂದೂ ಬಗೆಯುವ ಈ ತರ್ಕದಲ್ಲಿ, ಒಬ್ಬ ಮನುಷ್ಯನ ದುಃಖವು ಇನ್ನೊಬ್ಬನ ಸಿದ್ಧಾಂತದ ಗೆಲುವಾಗಿ ಪರಿಣಮಿಸುವ ಕ್ರೌರ್ಯವಿದೆಯೆಂಬುದು ಆಡಿದವರಿಗೆ ಹೊಳೆಯುವುದಿಲ್ಲ.

ಮುಪ್ಪು ಅಡರಿದರೆ ದೇವರು ತಾನಾಗಿ ನೆನಪಾಗುತ್ತಾನೆಂಬ ನಿರೀಕ್ಷೆಯನ್ನು ನಮ್ಮಲ್ಲಿಯೇ ಇಬ್ಬರು ಸುಳ್ಳಾಗಿಸಿದರು. ಪ್ರಬಂಧಕಾರ ಎ. ಎನ್. ಮೂರ್ತಿರಾಯರು ದೇವರ ಅಸ್ತಿತ್ವವನ್ನೇ ಪ್ರಶ್ನಿಸುವ ತಮ್ಮ ‘ದೇವರು’ ಕೃತಿಯನ್ನು ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ನಿಲುವನ್ನು ಬದಲಿಸಲು ಕಾಲಾವಕಾಶ ಸಾಲಲಿಲ್ಲವೆನ್ನುವಂತೆಯೂ ಇಲ್ಲ, ಅವರು 2003ರವರೆಗೆ ಬದುಕಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಬಿರುಗಾಳಿಯೆಬ್ಬಿಸಿದ ಎಚ್. ನರಸಿಂಹಯ್ಯನವರಂತೂ, ಖಾದಿಯುಟ್ಟು, ಅವಿವಾಹಿತರಾಗಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಸನ್ಯಾಸಿಗಳೂ ನಾಚುವಷ್ಟು ಸರಳವಾಗಿ ಬಾಳಿ, 2005ರಲ್ಲಿ ತೀರಿಕೊಂಡರು. ಪ್ರಶ್ನಿಸುವುದನ್ನು ಮಾತ್ರ ಬಿಡಲಿಲ್ಲ. ನಾಸ್ತಿಕ್ಯವೆಂದರೆ ಸ್ವೇಚ್ಛಾಚಾರವೆಂದು ತಿಳಿದವರು ಆ ಕೊಠಡಿಯನ್ನೊಮ್ಮೆ ನೆನೆಯಬೇಕು.

ಸಂವಿಧಾನದ 25ನೆಯ ವಿಧಿ ಧರ್ಮಾಚರಣೆಯ ಹಕ್ಕಿಗೂ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಕಾನೂನಿನ ಮಾತು ಅದಾಯಿತು. ಆಸ್ತಿಕ ಮಿತ್ರರಲ್ಲಿ ನನ್ನ ಬಿನ್ನಹ ಅದಕ್ಕಿಂತ ಚಿಕ್ಕದು. ನಂಬದವನೊಬ್ಬ ಆಸ್ಪತ್ರೆಯ ಬೆಂಚಿನ ಮೇಲೆ ತನ್ನವರಿಗಾಗಿ ಕಾಯುತ್ತ ಕುಳಿತಿರುವಾಗ, ಹರಕೆ ಹೊತ್ತುಕೋ ಎಂದು ಅವನನ್ನು ಪೀಡಿಸಬೇಡಿ. ನೀವೇ ಹೊತ್ತುಕೊಂಡರೆ ಅಡ್ಡಿಯಿಲ್ಲ. ಅವನಿಗೊಂದು ಲೋಟ ಕಾಫಿ ತಂದುಕೊಡಿ.